ಎರಡು ಪಾಳಿಯ ಗಾಳಿ

“ಎಂಟನೇ ಕ್ಲಾಸ್ ದಾಟದವ ನಂಗೆ ಲೆಕ್ಕ ಕಲಿಸ್ಲಿಕ್ಕೆ ಬಂದ! ನೀನು ಹಗ್ಗ ಹಿಡಿ ಮಾರಾಯ, ಪೆನ್ನು ನಿಂಗಲ್ಲ.”

ಎಂಜಿನಿಯರ್ ಸ್ಯಾಮ್ಯುಯೆಲ್ ಹೀಗೆಂದಾಗ ಕೊಲ್ಲಿ ದೇಶದ ಮೆಸಯೀದಿನ ಸೈಟ್ ಆಫೀಸಿನಲ್ಲಿದ್ದವರೆಲ್ಲ ನಕ್ಕರು. ಎಣಿಕೆ ತಪ್ಪಿದೆ ಎಂದಿದ್ದ ಹೆಲ್ಪರ್ ಯಜ್ಞೇಶನ ಮೈ ಉರಿದುಹೋಯಿತು.

ದೊಡ್ಡ ಟ್ಯಾಂಕನ್ನು ಕ್ರೇನಿನಿಂದ ಎತ್ತಿ ಕೂರಿಸಲು ನಾಲ್ಕು ಗಂಟೆ ಬೇಕು. ಅಷ್ಟು ಹೊತ್ತೂ ಗಾಳಿಯ ವೇಗ ಸೆಕೆಂಡಿಗೆ ಹತ್ತು ಮೀಟರ್ ದಾಟಬಾರದು. ಅರ್ಧ ಗಂಟೆಗೊಮ್ಮೆ ಬರೆದಿಟ್ಟ ಅಂಕಿಗಳಲ್ಲಿ ಹತ್ತು ದಾಟದವು ಎಂಟಾದರೂ ಸಾಲಾಗಿ ಸಿಗಬೇಕು. ಸ್ಯಾಮ್ಯುಯೆಲ್‌ಗೆ ಐದರ ಮೇಲೆ ಸಿಕ್ಕಿರಲಿಲ್ಲ. ಹೊತ್ತು ಸಿಗದೆ ಕೆಲಸ ಬೇರೆ ಕಂಪೆನಿಯ ಪಾಲಾದರೆ, ಎರಡು ವರ್ಷ ಕಾದಿದ್ದ, ಭಾರ ಎತ್ತಿಸುವ ಕೆಲಸಕ್ಕೆ ಬೇಕಾದ ರಿಗ್ಗರ್ ಕಾರ್ಡ್ ಯಜ್ಞೇಶನ ಕೈತಪ್ಪುತ್ತಿತ್ತು.

ಅವನು ಅಂಕಿಗಳ ಹಾಳೆಗಳನ್ನು ಎಳೆದುಕೊಂಡ. ರಾತ್ರಿ ಪಾಳಿಯವರ ಹಾಳೆ ಬೆಳಗ್ಗೆ ಆರಕ್ಕೆ ಮುಗಿದರೆ ಹಗಲಿನವರದ್ದು ಅಲ್ಲಿಂದ ಶುರು. ಒಂದರ ತಳಕ್ಕೆ ಇನ್ನೊಂದರ ತಲೆ ಕೂಡಿಸಿ, ಹತ್ತು ದಾಟಿದಲ್ಲೆಲ್ಲ ಮತ್ತೆ ಒಂದರಿಂದ ಎಣಿಸುತ್ತ ಬೆರಳು ಇಳಿಸಿದ.

“ನೀವು ಹಾಳೆ ಹಾಳೆ ಬೇರೆ ಎಣಿಸಿದ್ದು ಸರ್. ಪಾಳಿ ಮುಗಿದ್ರೆ ಗಾಳಿಯೂ ಬಸ್ ಹತ್ತಿ ಕ್ಯಾಂಪಿಗೆ ಹೋಗ್ತದಾ? ರಾತ್ರಿಯ ಕೊನೆಗೆ ಐದು, ಹಗಲಿನ ಸುರುವಿಗೆ ನಾಲ್ಕು. ಕೂಡಿಸಿದ್ರೆ ನಿನ್ನೆ ಒಂಬತ್ತು, ಮೊನ್ನೆಯೂ ಹೀಗೇ ಎಂಟು. ಬೆಳಗಿನ ಜಾವ ನಾಲ್ಕು ಗಂಟೆಯಿಂದ ಗಾಳಿ ಸತ್ತೇ ಉಂಟು!”

ಈ ಸಲ ಯಾರೂ ನಗಲಿಲ್ಲ. ಸ್ಯಾಮ್ಯುಯೆಲ್ ತಾನೇ ಎರಡು ಬಾರಿ ಎಣಿಸಿ ಫೋನೆತ್ತಿದ. “ನಾಳೆ ನಾಲ್ಕಕ್ಕೇ ಕ್ರೇನ್ ರೆಡಿ ಇರ್ಲಿ. ಯಲ್ಲಾ, ಬೇಗ!” ಮತ್ತೆ ಮೆಲ್ಲಗೆ ಕೇಳಿದ: “ಅಲ್ಲ ಯಜ್ಞೇಶ, ಇದನ್ನು ನಿಂಗೆ ಯಾರು ಹೇಳಿಕೊಟ್ಟದ್ದು?”

ಯಜ್ಞೇಶ ಹೆಲ್ಮೆಟ್ ತಲೆಗಿಟ್ಟುಕೊಂಡು, ನಾಳೆ ಟ್ಯಾಂಕ್ ಎತ್ತಲು ಬೇಕಾದ ಬೆಲ್ಟುಗಳನ್ನು ನೋಡಲು ಬಿಸಿಲಿಗಿಳಿದು ನಡೆದ.