ಮಲಗದ ರೋಗಿ

೧೮೮೭ರ ಚಳಿಗಾಲ. ನನ್ನ ಗಂಡ ಬ್ರೂನೊಗೆ ಕೆಮ್ಮು. ಎಂಥ ಕೆಮ್ಮು ಅಂತೀರಿ, ಕೆಳಮನೆಯವರು ಪೊರಕೆ ಹಿಡಿದು ತಮ್ಮ ಸೂರು ಕುಟ್ಟುತ್ತಿದ್ದರು. ರಾತ್ರಿಯೆಲ್ಲ ಜ್ವರ, ಬೆಳಗಾದರೆ ನಮ್ಮ ಕೆಮ್ನಿಟ್ಸ್ ಊರಿನ ನೂಲಿನ ಗಿರಣಿ. ಹೀಗೇ ಬಿಟ್ಟರೆ ನಾನು ವಿಧವೆಯಾಗುವುದು ಖಂಡಿತ.

ಆಗಿನ್ನೂ ಕಾಯಿಲೆ ನಿಧಿ ಹೊಸದು. ಗಿರಣಿಯಲ್ಲಿ ದುಡಿಯುವ ಎಲ್ಲರ ಕೂಲಿಯಿಂದಲೂ, ನನ್ನದರಿಂದಲೂ, ಕೇಳದೆಯೇ ಮುರಿದುಕೊಳ್ಳುತ್ತಿದ್ದರು. ಹಾಸಿಗೆ ಹಿಡಿದರೆ ಡಾಕ್ಟರು, ಔಷಧ, ಅರ್ಧ ಕೂಲಿ. ನಮ್ಮ ಕೂಲಿಯವರ ಸಭೆಗಳಿಗೆ ಬೀಗ ಜಡಿದ ಸರ್ಕಾರವೇ ನಮಗೆ ಡಾಕ್ಟರನ್ನು ಕೊಡುತ್ತದಂತೆ! ಇದು ದಾನವೋ, ಹಕ್ಕೋ, ಬಲೆಯೋ, ಯಾರಿಗೂ ತಿಳಿಯದು. ನನ್ನ ತಲೆಯಂತೂ ಕೆಟ್ಟು ಹೋಗಿತ್ತು.

“ದಾನವೇ,” ಎಂದ ಬ್ರೂನೊ. “ನಮ್ಮಪ್ಪ ಒಂದ್ ಸಲ ಬಡವರ ನಿಧಿಯಿಂದ ಕಲ್ಲಿದ್ದಲು ಇಸ್ಕೊಂಡ. ಓಟು ಹಾಕೋಕೆ ಹೋದ್ರೆ ‘ದಾನ ತಿಂದೋನಿಗೆ ಓಟಿಲ್ಲ’ ಅಂತ ಎಲ್ಲರೆದುರಿಗೆ ವಾಪಸ್ ಕಳಿಸಿದ್ರು. ಈಗ ಬರೋ ಚುನಾವಣೆ ಮುಗೀಲಿ, ಆಮೇಲೆ ಬೇಕಾದ್ರೆ ಸಾಯ್ತೀನಿ.”

“ಸಾಯಿ! ಓಟು ಹೊದ್ಕೊಂಡು ಗುಂಡೀಲಿ ಮಲ್ಕೊ!” ಎಂದೆ.

ಆಗ ಹೊಳೆಯಿತು: ಹೆಂಗಸರಿಗೆ ಓಟೇ ಇಲ್ಲ, ನನ್ನಿಂದ ಏನು ಕಿತ್ತುಕೊಂಡಾರು? ನಿಧಿಯ ಡಾಕ್ಟರ ಹತ್ತಿರ ಹೋಗಿ ಬ್ರೂನೊನ ಕೆಮ್ಮನ್ನೇ ಕೆಮ್ಮಿದೆ. ದಿನಾ ಕೇಳಿ ಬಾಯಿಪಾಠ ಆಗಿತ್ತಲ್ಲ. ಔಷಧ ಕೊಟ್ಟು, “ಹಾಸಿಗೆ ಬಿಟ್ಟು ಏಳಕೂಡದು,” ಎಂದರು. ಔಷಧವನ್ನು ಬ್ರೂನೊನ ಬಾಯಿಗೆ ಸುರಿದೆ.

ಒಂದು ಮರೆತಿದ್ದೆ. ರೋಗಿ ನಿಜಕ್ಕೂ ಮಲಗಿದ್ದಾನೋ ಇಲ್ಲವೋ ಎಂದು ನೋಡಲು ನಮ್ಮ ಕೂಲಿಯವರಲ್ಲೇ ಒಬ್ಬನನ್ನು ನಿಧಿ ಮನೆಮನೆಗೆ ಕಳಿಸುತ್ತಿತ್ತು. ನಮ್ಮ ಪಾಲಿಗೆ ಬಂದವನು ಗಿರಣಿಯ ಓಸ್ವಾಲ್ಡ್. ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದು ಕೇಳಿದ್ದೇ ತಡ, ಉಟ್ಟ ಬಟ್ಟೆಯಲ್ಲೇ ಹಾಸಿಗೆಗೆ ಹಾರಿ ಕತ್ತಿನವರೆಗೂ ಹೊದ್ದುಕೊಂಡೆ. ಬ್ರೂನೊ ಒಲೆಯ ಮುಂದೆ ಆಲೂಗಡ್ಡೆ ಸಾರು ತಿರುವುತ್ತಿದ್ದ.

“ಏನಮ್ಮ ಒಟೀಲಿಯ, ಹೇಗಿದೀಯ?”

“ಆಗ್ತಾನೇ ಇಲ್ಲಪ್ಪ,” ಎಂದೆ. ಕೆಮ್ಮು ಮಾತ್ರ ಒಲೆಯ ಕಡೆಯಿಂದ ಬಂತು.

ಓಸ್ವಾಲ್ಡ್ ಅತ್ತ ನೋಡಿದ, ಇತ್ತ ನೋಡಿದ. “ಮಲಗಿರೋಳು ಕೆಮ್ಮಲ್ಲ, ಕೆಮ್ಮೋನು ಮಲಗಿಲ್ಲ. ಈ ಮನೇಲಿ ರೋಗಿ ಯಾರು?”

“ನಾನು!” ಎಂದೆ.

“ಯಾರೂ ಇಲ್ಲ,” ಎಂದ ಬ್ರೂನೊ.

ನಾನು ಗೊಳೋ ಎಂದು ಅತ್ತು ಎಲ್ಲ ಹೇಳಿಬಿಟ್ಟೆ.

“ಲೋ ಮೊಂಡ,” ಎಂದು ಓಸ್ವಾಲ್ಡ್ ಕುಕ್ಕರಿಸಿದ. “ಮೂರರಲ್ಲಿ ಎರಡು ಪಾಲು ನಾವೇ ಕಟ್ಟೋದು, ಮಾಲೀಕಂದು ಒಂದೇ. ದಾನ ಹೆಂಗಾಯ್ತದೆ?”

“ಆಣೆ ಇಡ್ತೀಯಾ?”

ಓಸ್ವಾಲ್ಡ್ ತಲೆ ಕೆರೆದುಕೊಂಡ. “ಇಲ್ಲಪ್ಪ, ನಂಗೂ ಸರಿಯಾಗಿ ಗೊತ್ತಿಲ್ಲ. ಕೈ ಜಜ್ಜಿದಾಗ ನಾನೂ ನಿಧಿ ದುಡ್ಡು ತಿಂದಿದೀನಿ. ನಾಳಿದ್ದು ಓಟಿಗೆ ಹೋದಾಗಲೇ ತಿಳಿಯೋದು. ಅಲ್ಲೀವರ್ಗೂ ಹೆಂಗೋ ಇರಿ. ಒಟೀಲಿಯ, ನೀನು ಮಾತ್ರ ಹಾಸಿಗೆ ಬಿಡ್ಬೇಡ, ನನ್ ತಲೆ ಹೋಗುತ್ತೆ!”

ಚುನಾವಣೆಯ ದಿನ ಮಲಗಿಕೊಂಡೇ ಕಿವಿ ನೆಟ್ಟಿದ್ದೆ. ಓಸ್ವಾಲ್ಡನನ್ನು ಓಟು ಹಾಕಲು ಬಿಡದೆ ಹಿಂದಕ್ಕೆ ಕಳಿಸಿದರೆ ಬ್ರೂನೊ ಇನ್ನು ಯಾವ ಡಾಕ್ಟರನ್ನೂ ಹತ್ತಿರ ಸೇರಿಸುವುದಿಲ್ಲ. ಕಡೆಗೆ ಬೀದಿಯಿಂದ ಅವನ ಕೂಗು ಬಂತು: “ಹಾಕ್ದೆ ಕಣೋ! ಯಾವನೂ ತಡೀಲಿಲ್ಲ!”

ಬ್ರೂನೊ ಟೊಪ್ಪಿಗೆ ಹಾಕಿಕೊಂಡ. ಓಸ್ವಾಲ್ಡನ ತೋಳು ಹಿಡಿದು ಹೋಗಿ ಓಟು ಹಾಕಿ ಬಂದ. ಮಂಚದ ಅಂಚಿಗೆ ಕುಳಿತು ಬೂಟು ಕಳಚಿದ.

“ಜಾಗ ಬಿಡೆ, ಒಟೀಲಿಯ,” ಎಂದ. “ನಂಗೆ ಹುಷಾರಿಲ್ಲ.”

ಮದುವೆಯಾದಂದಿನಿಂದ ಅವನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಎದ್ದು ಜಾಗ ಬಿಟ್ಟೆ.