ಖಂಡೇ ಪೂಜೆಗೆ ಸಿಗದ ಕೊಡಲಿ

ಖಂಡೇ ಪೂಜೆಯ ಬೆಳಿಗ್ಗೆ ನಮ್ಮ ಮನೆಯಲ್ಲಿ ಪೂಜಿಸಲು ಒಂದು ತುಂಡು ಕಬ್ಬಿಣವೂ ಇರಲಿಲ್ಲ. ಕೊಡಲಿ ಇಲ್ಲ, ಕುಡುಗೋಲು ಇಲ್ಲ, ನಿನ್ನೆ ಸಂಜೆ ಬದನೆಕಾಯಿ ಹೆಚ್ಚಿದ ಈಳಿಗೆಯೂ ಇಲ್ಲ. ತಾವರಗೇರಾದ ಓಣಿಯವರೆಲ್ಲ ಹತಾರ ತೊಳೆದು ವಿಭೂತಿ ಹಚ್ಚುತ್ತಿದ್ದರೆ ನಾನು ಮಂಚದ ಕೆಳಗೆ ತಲೆ ತೂರಿಸಿ ಹುಡುಕಿ ಹೈರಾಣಾಗಿದ್ದೆ.

ಮಗ ಗಾಳೇಶ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಬಂದೂಕಿನ ಆಟ ಆಡುತ್ತಿದ್ದ. "ಹೊಡಿ! ಬಿಡಬ್ಯಾಡ, ಕೊಂದ ಹಾಕು!" ಎಂದು ಆನೆಗೊಂದಿಯ ಗೆಳೆಯನಿಗೆ ಹೇಳುವುದು ಇಡೀ ಓಣಿಗೆ ಕೇಳುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನಿ ಬೇಕಾದರೆ, ನನ್ನ ಮಗ ಇಲಿ ಕಂಡರೆ ಮಂಚ ಹತ್ತುವವನು. ಆದರೂ ಅವನು ಕೂಗಿದಾಗಲೆಲ್ಲ ಒಳಗೆ ಸೊಸೆ ಭವಾನಿಯ ಕೈಯಲ್ಲಿ ರೊಟ್ಟಿ ಹರಿಯುತ್ತಿತ್ತು. ಬೇಸಿಗೆಯಲ್ಲಿ ಮದುವೆಯಾಗಿ ಬಂದ ಹುಡುಗಿ. ಇನ್ನೂ ಕೈ ಪಳಗಿಲ್ಲ ಎಂದುಕೊಂಡಿದ್ದೆ.

ಕಳ್ಳರು ಹೊಕ್ಕಿದ್ದಾರೆಂದು ಕೂಗಲು ಬಾಗಿಲಿಗೆ ಹೊರಟೆ. ಭವಾನಿ ಅಡ್ಡ ಬಂದಳು.

"ಕೂಗಬ್ಯಾಡ್ರಿ ಅತ್ತಿ. ನಾನ ಮುಚ್ಚಿಟ್ಟೀನ್ರಿ."

ಜೋಳದ ಚೀಲದೊಳಗಿಂದ ಹಳೆಯ ಸೀರೆಯ ಗಂಟು ತೆಗೆದಳು. ಎಲ್ಲವೂ ಅದರಲ್ಲಿತ್ತು.

"ಹಬ್ಬದ ದಿನ ಇದೇನ ಕೆಲಸ?"

"ಆ ಆಟ ಆಡೋರ ತಲಿ ಕೆಡತೈತಂತ ಟಿವಿಯಾಗ ಹೇಳತಾರ್ರಿ. ದಿನಾ ಕೊಂದ ಹಾಕು ಅಂತಾರ. ಇವತ್ತ ಹತಾರ ಎಲ್ಲಾ ಅವರ ಕೈಗೆ ಬರತಾವಂತ ನನಗ ಅಂಜಿಕಿ ಬಂತ್ರಿ."

ಮೈಯೆಲ್ಲ ಉರಿಯಿತು. ನನ್ನ ಮಗನನ್ನು ಕೊಲೆಗಡುಕ ಅನ್ನುತ್ತಾಳಲ್ಲ! ಮಾತು ಕೇಳಿ ಗಾಳೇಶ ಎದ್ದು ಬಂದ.

"ಏ ಹುಚ್ಚಿ, ಅದು ಆಟ. ನಾ ಯಾವಾಗರ ನಿನಗ ಕೈ ಎತ್ತೀನೇನು? ತಾ ಇಲ್ಲಿ, ತೊಳಕೊಂಡ ಬರ್ತೀನಿ," ಎಂದು ನಗುತ್ತಲೇ ಕೊಡಲಿಗೆ ಕೈ ಹಾಕಿದ.

ಭವಾನಿ ಎರಡೂ ತೋಳಿನಲ್ಲಿ ತಲೆ ಮುಚ್ಚಿಕೊಂಡು ಗೋಡೆಯ ಮೂಲೆಗೆ ಕುಕ್ಕರಿಸಿದಳು.

ನನ್ನ ಸಿಟ್ಟು ಎಲ್ಲಿ ಹೋಯಿತೋ. ಹಾಗೆ ಕುಕ್ಕರಿಸುವುದು ಒಂದು ದಿನಕ್ಕೆ ಬರುವ ರೂಢಿಯಲ್ಲ.

"ಯಾರವ್ವಾ?" ಎಂದೆ. "ನಿಮ್ಮಪ್ಪನೇನು?"

ಹೌದೆಂದು ತಲೆಯಾಡಿಸಿದಳು.

"ಅಂವನೂ ಈ ಆಟ ಆಡತಿದ್ದನೇನು?"

"ನಮ್ಮಪ್ಪನ ಹತ್ರ ಫೋನ ಇರಲಿಲ್ರಿ. ಕೊಡಲಿ ಇತ್ತು. ನಮ್ಮವ್ವ ದಿನಾ ಮುಚ್ಚಿಡತಿದ್ದಳು."

ಗಾಳೇಶನ ಫೋನಿನೊಳಗಿಂದ ಗೆಳೆಯ ಇನ್ನೂ "ಹೊಡಿ, ಹೊಡಿ" ಎನ್ನುತ್ತಿದ್ದ. ಗಾಳೇಶ ಫೋನು ಆರಿಸಿ, ಭವಾನಿಯಿಂದ ದೂರ ಹೊಸ್ತಿಲ ಆಚೆ ಹೋಗಿ ಕೂತ.

ಕುಡುಗೋಲಿಗೆ, ಈಳಿಗೆಗೆ, ಕೊಡಲಿಗೆ ವಿಭೂತಿ ಹಚ್ಚಿ ಪೂಜೆ ಮಾಡಿದೆ. ಆಮೇಲೆ ಕೊಡಲಿಯನ್ನು ಮತ್ತೆ ಸೀರೆಯಲ್ಲಿ ಸುತ್ತಿ ಭವಾನಿಯ ಕೈಗೆ ಕೊಟ್ಟೆ.

"ನಿನಗ ಎಲ್ಲಿ ಬೇಕೋ ಅಲ್ಲಿ ಇಡು. ಎಲ್ಲಿಟ್ಟಿ ಅಂತ ನಾವ್ಯಾರೂ ಕೇಳೂದಿಲ್ಲ."