ನರಸಮ್ಮನ ಬಾವಿಗೆ ಕಸದ ಲಾರಿ

ಹೆಗ್ಗನಹಳ್ಳಿಯ ನಮ್ಮ ಬೀದಿಗೆ ಕೈಪಂಪು ಬಂದಿದ್ದೇ ಬಂದಿದ್ದು, ನರಸಮ್ಮನ ಹಿತ್ತಲ ಬಾವಿಯನ್ನು ಕೇಳುವವರೇ ಇಲ್ಲವಾದರು. ಹಗ್ಗ ಎಳೆಯುವ ಕಷ್ಟ ಯಾರಿಗೆ ಬೇಕು? ಆದರೆ ದೇವರಿಗೆ ಮುಡಿಸಿದ ಹೂವನ್ನು ತುಳಿಯುವ ಹಾಗಿಲ್ಲವಲ್ಲ! ಬಾಡಿದ ಹೂವನ್ನೆಲ್ಲ ಇಡೀ ಬೀದಿ ಆ ಬಾವಿಗೇ ಹಾಕತೊಡಗಿತು. ಹೂವಿನ ಹಿಂದೆ ಒಡೆದ ಫೋಟೊ, ಅದರ ಹಿಂದೆ ಹರಿದ ಚಾಪೆ. ನಾನೂ ಹಾಕಿದವಳೇ, ಸುಳ್ಳು ಯಾಕೆ ಹೇಳಲಿ?

ಕೊನೆಗೆ ನರಸಮ್ಮನ ಗಂಡ ದೊಡ್ಡಣ್ಣ, "ಮುಚ್ಚೇ ಬಿಡೋಣ. ಭಾನುವಾರ ಮಧ್ಯಾಹ್ನ ಒಂದು ಲಾರಿ ಕಸ ಬರ್ತದೆ" ಅಂದ.

ಭಾನುವಾರ ಬೆಳಗ್ಗೆಯೇ ಪಕ್ಕದ ಮನೆ ಸತ್ಯವತಿ ಸುತ್ತಿಗೆ ಹಿಡಿದು ಬಂದಳು. ಅವಳು ಭೂವಿಜ್ಞಾನಿ. ಬಂಡೆ ನೋಡಿ ನೆಲದೊಳಗಿನ ನೀರು ಪತ್ತೆ ಮಾಡುವುದು ಅವಳ ಕೆಲಸ.

"ನರಸಮ್ಮನೋರೇ, ಕಸ ಬೇಡಿ. ಬಾವಿ ನೀರೂ ಪಂಪಿನ ನೀರೂ ಒಂದೇ."

"ಅದೆಂಗಮ್ಮ? ಮಧ್ಯ ಇಪ್ಪತ್ತು ಹೆಜ್ಜೆ ಬಂಡೆ ಐತೆ!"

"ಬಂಡೆ ತುಂಬ ಬಿರುಕು. ನೀರು ಅದರೊಳಗೇ ಓಡಾಡುತ್ತೆ."

"ಕಲ್ಲು ಕುಟ್ಟೋ ಕೆಲಸ ಹೆಂಗಸಿಗ್ಯಾಕೋ!" ನರಸಮ್ಮ ನಕ್ಕಳು.

"ಮೊದಲನೇ ದಿನ ಜೀಪ್ ಡ್ರೈವರೂ 'ಸಾಹೇಬ್ರು ಎಲ್ಲಿ' ಅಂದ. ನಾನೇ ಕಣಪ್ಪ, ನಡಿ ಅಂದೆ. ಹನ್ನೆರಡು ವರ್ಷದಿಂದ ಬೆಟ್ಟ ಗುಡ್ಡ ಸುತ್ತಿದೀನಿ. ನನ್ನ ಮಾತು ನಂಬಬೇಡಿ, ಕಣ್ಣಾರೆ ನೋಡಿ."

ಅವಳು ಬಾವಿಯ ಮೆಟ್ಟಿಲಿಳಿದು, ನೀರಿನ ಅಂಚಿಗೆ ಸರಿಯಾಗಿ ಕಲ್ಲಿನ ಮೇಲೆ ಸುತ್ತಿಗೆಯಿಂದ ಗೆರೆ ಗೀಚಿದಳು. "ಮಧ್ಯಾಹ್ನದವರೆಗೂ ಇಲ್ಲಿ ಯಾರೂ ನೀರು ಸೇದಬಾರದು. ನೀವೇ ಕಾವಲು."

ನರಸಮ್ಮ ಅವರೆಕಾಯಿ ಮೊರ ಇಟ್ಟುಕೊಂಡು ಬಾವಿಕಟ್ಟೆಯಲ್ಲೇ ಕೂತಳು. ಬೀದಿಯಲ್ಲಿ ಭಾನುವಾರದ ಎಣ್ಣೆಸ್ನಾನ, ಬಟ್ಟೆ ಒಗೆತ. ಪಂಪಿಗೆ ಬಿಡುವೇ ಇರಲಿಲ್ಲ. ಹನ್ನೆರಡು ಗಂಟೆಗೆ ಸತ್ಯವತಿ ಬಂದು ಇಬ್ಬರೂ ಇಣುಕಿದರೆ, ನೀರು ಗೆರೆಯಿಂದ ಮೂರು ಬೆರಳು ಕೆಳಗೆ!

"ಯಾರೂ ಕೊಡ ಇಳಿಸಿಲ್ಲ ಕಣಮ್ಮ! ನಾನೇ ಸಾಕ್ಷಿ!"

"ಪಂಪು ಎಳೀತು. ಹೋದ ತಿಂಗಳು ನಿಮ್ಮ ಮೊಮ್ಮಗಳು ಪುಟ್ಟಲಕ್ಷ್ಮಿಗೆ ಭೇದಿ ಆಯ್ತಲ್ಲ, ಅವಳು ಕುಡಿದಿದ್ದು ಆ ಪಂಪಿನ ನೀರೇ ತಾನೆ?"

ನರಸಮ್ಮನ ಮುಖ ಇಳಿಯಿತು. ಒಂದೂವರೆ ವರ್ಷದ ಕೂಸು ಮೂರು ದಿನ ಕಣ್ಣು ಬಿಟ್ಟಿರಲಿಲ್ಲ. "ಆದ್ರೂ ದೇವರ ಹೂವು ಹೊಲಸಾ ತಾಯಿ?"

"ದೇವರ ಹೂವೇ. ಕೊಳೆತ ಮೇಲೆ ಮಗು ಲೋಟಕ್ಕೆ ಹಾಕ್ತೀರಾ?"

ಅಷ್ಟರಲ್ಲಿ ಲಾರಿ ಬಂತು. ನರಸಮ್ಮ ಮೊರ ಬಿಟ್ಟು ಓಡಿ ಹಿತ್ತಲ ಬಾಗಿಲಿಗೆ ಅಡ್ಡ ನಿಂತಳು.

"ಜರುಗೇ!" ದೊಡ್ಡಣ್ಣ ಗದರಿದ.

"ಜರುಗಲ್ಲ. ಇಲ್ಲಿ ಸುರಿದ್ರೆ ಮಗು ಬಾಯಿಗೇ ಸುರಿದಂಗೆ. ಬಂದು ಗೆರೆ ನೋಡಿ! ಬೆಳಗ್ಗೆ ನೀರು ಅಲ್ಲೀತನಕ ಇತ್ತು, ಪಂಪು ಎಳ್ಕೊಂಡೈತೆ!"

ದೊಡ್ಡಣ್ಣ ಇಳಿದು ನೋಡಿದ, ಬೆರಳಿಟ್ಟು ಅಳೆದ. ಮೇಲೆ ಬಂದವನು ಡ್ರೈವರಿಗೆ, "ರಿವರ್ಸ್ ತಗೊಳಪ್ಪ" ಅಂದ.

ಮುಂದಿನ ವಾರ ನಾವೆಲ್ಲ ಸೇರಿ ಬಾವಿಯ ಕಸ ಎತ್ತಿದೆವು, ಮೇಲೆ ಜಾಲರಿ ಮುಚ್ಚಿದೆವು. ಈಗ ದೇವರ ಹೂವು ದಾಸವಾಳದ ಬುಡದ ಗುಂಡಿಗೆ ಹೋಗುತ್ತದೆ. ಯಾರೂ ತುಳಿಯುವುದಿಲ್ಲ, ಗಿಡವೂ ಚೆನ್ನಾಗಿದೆ. ನಮಗೂ ನೆಮ್ಮದಿ.

ಅಕ್ಕತಂಗಿಯರೇ, ನಿಮ್ಮ ಹಿತ್ತಲಲ್ಲೂ ಹಳೇ ಬಾವಿ ಇದೆಯೇ? ಅದಕ್ಕೆ ಹೂವೂ ಬೇಡ, ಕಸವೂ ಬೇಡ. ಅದು ಚೊಕ್ಕಟವಾಗುವವರೆಗೆ ನೀರು ಕುದಿಸಿ ಆರಿಸಿ ಕುಡಿಯಿರಿ. ನೆಲದಡಿಯ ನೀರಿಗೆ ಕಾಂಪೌಂಡ್ ಇಲ್ಲ. ನೀವು ಇವತ್ತು ಎಸೆದದ್ದನ್ನು ನಾಳೆ ಯಾವುದೋ ಮನೆಯ ಮಗು ಕುಡಿಯುತ್ತದೆ. ಆ ಮಗು ನಿಮ್ಮದೇ ಇರಬಹುದು.